ಗೋಡೆಗೆ ಕಿವಿ, ಬಾಗಿಲಿಗೆ ಕಣ್ಣು: ಸಮುದಾಯ ಕೇಂದ್ರ ನಡೆಸುವವರ ಪ್ರಶ್ನೆಗಳಿಗೆ ಉತ್ತರ

ಲೈಂಗಿಕ ಹಾಗೂ ಲಿಂಗತ್ವ ಅಲ್ಪಸಂಖ್ಯಾತರಿಗೆ ನೆರವಾಗುವ ಕೇಂದ್ರಗಳನ್ನು ನಡೆಸುವವರು, ಅಲ್ಲಿಗೆ ಹೋಗುವವರು, ಹೋಗಲು ಹಿಂಜರಿಯುವವರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿಕೊಂಡಿದ್ದೇವೆ. ಆಪ್ತಸಮಾಲೋಚನೆ, ಕಟ್ಟಡ, ಲೆಕ್ಕಪತ್ರ ಮೂರನ್ನೂ ಬಲ್ಲವರ ಬಳಗ ಉತ್ತರಿಸಿದೆ. ಕೇಳಿದವರ ಹೆಸರು ಹಾಕಿಲ್ಲ. ಬಹುತೇಕರು ಕೇಳಿಕೊಂಡದ್ದೂ ಅದನ್ನೇ.

ಪ್ರಶ್ನೆ: ನಮ್ಮ ಟ್ರಸ್ಟಿಗೆ ಮೂರು ಕೋಣೆಗಳ ಜಾಗ ಸಿಕ್ಕಿದೆ, ಒಂದಿಷ್ಟು ದೇಣಿಗೆಯೂ ಕೈಸೇರಿದೆ. ಸೋಫಾ, ಗೋಡೆಗೆ ಬಣ್ಣದ ಚಿತ್ರ, ಪುಸ್ತಕದ ಕಪಾಟು ಎಂದು ಪಟ್ಟಿ ಮಾಡಿಕೊಂಡಿದ್ದೇವೆ. ಮೊದಲು ಯಾವುದಕ್ಕೆ ಕೈಹಾಕೋಣ?

ಉತ್ತರ: ಪಟ್ಟಿಯಲ್ಲಿ ಇಲ್ಲದ್ದಕ್ಕೆ. ಸಮಾಲೋಚನೆ ನಡೆಯುವ ಕೋಣೆಯ ಮಾತು ಹೊರಗಿನ ಕುರ್ಚಿಗೆ ಕೇಳಿಸದಂತೆ ಮಾಡಿ. ಗೋಡೆಗೂ ಕಿವಿ ಇರುತ್ತದೆ ಅನ್ನುವುದು ಇಲ್ಲಿ ಗಾದೆಯಲ್ಲ, ಕಟ್ಟಡದ ದೋಷ. ಕಾಯುತ್ತ ಕೂತವರಿಗೆ ಒಳಗಿನವರ ಕಥೆ ಕೇಳಿಸಿತು ಅಂದರೆ, ನಾಳೆ ತನ್ನ ಕಥೆಯೂ ಹೀಗೇ ಕೇಳಿಸುತ್ತದೆ ಎಂದು ಅವರು ಆ ಕ್ಷಣವೇ ತಿಳಿದುಕೊಳ್ಳುತ್ತಾರೆ. ಎದ್ದು ಹೋಗುತ್ತಾರೆ, ಕಾರಣ ಹೇಳುವುದಿಲ್ಲ.

ಪರೀಕ್ಷೆ ಸುಲಭ. ಒಬ್ಬರು ಒಳಗೆ ಕೂತು ಬಾಗಿಲು ಹಾಕಿಕೊಂಡು ಪತ್ರಿಕೆ ಓದಲಿ. ಹೊರಗಿನವರಿಗೆ ಗುಜುಗುಜು ಕೇಳಿಸಿದರೆ ತೊಂದರೆಯಿಲ್ಲ, ಪದ ತಿಳಿದರೆ ಕೆಲಸವಿದೆ. ಮಾಮೂಲಿ ಮಾತು ಒಂದು ಮೀಟರ್ ದೂರದಲ್ಲಿ ಸುಮಾರು 60 ಡೆಸಿಬಲ್ ಇರುತ್ತದೆ. ಅಳು, ಸಿಟ್ಟು ಬಂದಾಗ ದನಿ ಇನ್ನೂ ಏರುತ್ತದೆ. ಹಾಗಾಗಿ ಎರಡನೇ ಸಲ ಗಟ್ಟಿಯಾಗಿ ಓದಿಸಿ ನೋಡಿ.

ದನಿ ಸೋರುವ ಮೊದಲ ಜಾಗ ಬಾಗಿಲು. ಒಳಗೆ ಟೊಳ್ಳಾದ ಫ್ಲಶ್ ಡೋರ್, ಅದರ ಕೆಳಗೆ 10-15 ಮಿಲಿಮೀಟರ್ ಸಂದು: ಹೆಚ್ಚಿನ ಕಡೆ ಕಾಣುವುದು ಇದೇ. 35ರಿಂದ 40 ಮಿ.ಮೀ. ದಪ್ಪದ ಗಟ್ಟಿ ಹಲಗೆಯ ಬಾಗಿಲು ಹಾಕಿಸಿ. ಚೌಕಟ್ಟಿನ ಮೂರೂ ಬದಿಗೆ ರಬ್ಬರ್ ಪಟ್ಟಿ, ತಳಕ್ಕೆ ಬಾಗಿಲು ಮುಚ್ಚಿದಾಗ ಕೆಳಗಿಳಿಯುವ ಸೀಲ್ ಬೇಕು. ಬಾಗಿಲು ಬದಲಿಸಿ ಸಂದು ಹಾಗೇ ಬಿಟ್ಟರೆ ಹಣ ನೀರಿಗೆ ಹಾಕಿದಂತೆ, ಏಕೆಂದರೆ ದನಿ ಗಾಳಿಯ ಹಾಗೆ, ಸಿಕ್ಕ ಸಂದಿಯಲ್ಲಿ ನುಗ್ಗುತ್ತದೆ. ಎರಡನೆಯದು ನಡುಗೋಡೆ. ಆಫೀಸಿನ ಪಾರ್ಟಿಶನ್‌ಗಳು ಫಾಲ್ಸ್ ಸೀಲಿಂಗಿಗೇ ನಿಂತುಬಿಡುತ್ತವೆ. ಮಾತು ಮೇಲಿನಿಂದ ಹಾರಿ ಪಕ್ಕದ ಕೋಣೆಗೆ ಇಳಿಯುತ್ತದೆ. ಸೀಲಿಂಗಿನ ಒಂದು ಹಲಗೆ ಎತ್ತಿ ಟಾರ್ಚ್ ಬಿಟ್ಟು ನೋಡಿ. ಗೋಡೆ ಮೇಲಿನ ಸ್ಲ್ಯಾಬ್ ಮುಟ್ಟಿಲ್ಲವಾದರೆ ಮುಟ್ಟುವವರೆಗೆ ಏರಿಸಬೇಕು. ಮೂರನೆಯದು ಒಂದೇ ಗೋಡೆಯ ಎರಡೂ ಬದಿ ಬೆನ್ನಿಗೆ ಬೆನ್ನು ಕೊಟ್ಟು ಕೂರಿಸಿದ ಸ್ವಿಚ್ ಬೋರ್ಡ್‌ಗಳು. ಅವೂ ಕಿಂಡಿಗಳೇ.

ಗೋಡೆಗೆ ಸ್ಪಂಜು ಅಂಟಿಸುವುದರಿಂದ ಇದು ಪರಿಹಾರವಾಗುವುದಿಲ್ಲ. ಸ್ಪಂಜು ಕೋಣೆಯೊಳಗಿನ ಪ್ರತಿಧ್ವನಿ ತಗ್ಗಿಸುತ್ತದೆಯೇ ಹೊರತು ಮಾತು ಹೊರಹೋಗುವುದನ್ನು ತಡೆಯುವುದಿಲ್ಲ. ಅದಕ್ಕೆ ಭಾರ ಬೇಕು, ಸಂದಿಲ್ಲದ ಮುಚ್ಚಳ ಬೇಕು. ಇದಕ್ಕೆಲ್ಲ ಹಣವಿಲ್ಲವಾದರೆ ಕಾಯುವ ಜಾಗದಲ್ಲಿ ಒಂದು ಫ್ಯಾನ್ ಅಥವಾ ಮೆಲುದನಿಯ ಸಂಗೀತವನ್ನು 40-45 ಡೆಸಿಬಲ್ ಮಟ್ಟದಲ್ಲಿ ಇಡಿ. ಸದ್ದು ಇರಬೇಕಾದ್ದು ಕೋಣೆಯ ಒಳಗಲ್ಲ, ಹೊರಗೆ. ಕಾಯುವ ಜಾಗ ಪೂರ್ತಿ ನಿಶ್ಶಬ್ದವಾಗಿದ್ದಷ್ಟೂ ಒಳಗಿನ ಮಾತು ಸ್ಪಷ್ಟವಾಗುತ್ತದೆ.

ಹೀಗೆ ಬಿಗಿ ಮಾಡಿದ ಕೋಣೆಯಲ್ಲಿ ಅರ್ಧ ಗಂಟೆಗೆ ಉಸಿರು ಕಟ್ಟಿದಂತಾಗುತ್ತದೆ. ಗಾಳಿಗೆ ನೇರ ಕಿಂಡಿ ಕೊರೆಯದೆ, ಎರಡು ಕಡೆ ಬಾಗಿದ, ಒಳಗೆ ದನಿ ಹೀರುವ ಪದರವಿರುವ ಕೊಳವೆ ಹಾಕಿಸಿ. ಕುರ್ಚಿಗಳ ವಿಷಯ: ಬಂದವರಿಗೆ ಬಾಗಿಲು ಕಾಣಬೇಕು, ಬಾಗಿಲಿಗೆ ಹೋಗುವ ದಾರಿಯಲ್ಲಿ ಸಮಾಲೋಚಕರ ಕುರ್ಚಿ ಅಡ್ಡ ಇರಬಾರದು. ಸೋಫಾ ಆಮೇಲೆ ತಂದರಾಯಿತು.

ಪ್ರಶ್ನೆ: ಬಾಗಿಲ ಮೇಲೆ ಕಾಮನಬಿಲ್ಲಿನ ಬೋರ್ಡ್ ಹಾಕಬೇಕೆಂದು ಅರ್ಧ ಜನ, ಬೇಡವೆಂದು ಅರ್ಧ ಜನ. ಸಮಿತಿ ಎರಡು ಹೋಳಾಗಿದೆ.

ಉತ್ತರ: ಎರಡೂ ಕಡೆಯವರು ಸರಿ. ಅಮೆರಿಕದ ಕಲಾವಿದ ಗಿಲ್ಬರ್ಟ್ ಬೇಕರ್ 1978ರಲ್ಲಿ ಎಂಟು ಬಣ್ಣಗಳಲ್ಲಿ ರೂಪಿಸಿದ, ಆಮೇಲೆ ಆರಕ್ಕಿಳಿದ ಕಾಮನಬಿಲ್ಲಿನ ಬಾವುಟ ಈ ಸಮುದಾಯದ ಗುರುತು; ಅದು ಕಂಡರೆ ಕೆಲವರಿಗೆ ಧೈರ್ಯ ಬರುತ್ತದೆ. ಅದರ ಕೆಳಗೆ ನಿಂತದ್ದನ್ನು ಪರಿಚಯದವರು ನೋಡಿಬಿಟ್ಟರೆ ಎಂದು ಇನ್ನು ಕೆಲವರಿಗೆ ನಡುಕ. ಸಲಿಂಗ ಸಂಬಂಧವನ್ನು ಅಪರಾಧವೆನ್ನುವ ದೇಶಗಳು ಇವತ್ತಿಗೂ 60ಕ್ಕೂ ಹೆಚ್ಚಿವೆ. ಅಪರಾಧವಲ್ಲದ ಕಡೆಯೂ ಮನೆಯವರ ಕಾನೂನು ಬೇರೆ ಇರುತ್ತದೆ.

ಬೀದಿಗೆ ಕಾಣುವ ಬೋರ್ಡಿನಲ್ಲಿ ಸಂಸ್ಥೆಯ ಹೆಸರು ಮಾತ್ರ ಇರಲಿ. ಒಳಗಿನ ಎರಡನೇ ಬಾಗಿಲು ದಾಟಿದ ಮೇಲೆ ಬಾವುಟ, ಚಿತ್ರ, ಏನು ಬೇಕಾದರೂ. ಸಂಸ್ಥೆಗೆ ಹೆಸರಿಡುವಾಗಲೇ ಇದನ್ನು ಯೋಚಿಸಿದ್ದರೆ ಚೆನ್ನ, ಏಕೆಂದರೆ ನೀವು ಕೊಟ್ಟ ಸಹಾಯಧನ ಪಾಸ್‌ಬುಕ್ಕಿನಲ್ಲಿ ಅದೇ ಹೆಸರಿನಿಂದ ನಮೂದಾಗುತ್ತದೆ. ವೈಫೈ ಹೆಸರನ್ನೂ ನೋಡಿಕೊಳ್ಳಿ. ಒಮ್ಮೆ ಜೋಡಿಸಿದ ಫೋನ್ ಆ ಹೆಸರನ್ನು ನೆನಪಿಟ್ಟುಕೊಳ್ಳುತ್ತದೆ, ಮನೆಯಲ್ಲಿ ಯಾರಾದರೂ ಫೋನ್ ತೆರೆದರೆ ಪಟ್ಟಿಯಲ್ಲಿ ಕಾಣುತ್ತದೆ. ಅಂಚೆ ಲಕೋಟೆಯ ಮೇಲೆ ಲಾಂಛನ ಬೇಡ.

ಕಿಟಕಿಗೆ ಕನ್ನಡಿಯಂಥ ಫಿಲ್ಮ್ ಅಂಟಿಸಿ ನಿಶ್ಚಿಂತರಾಗುವವರಿದ್ದಾರೆ. ಹಗಲಲ್ಲಿ ಅದು ಸರಿಯೇ. ಸಂಜೆ ಒಳಗೆ ದೀಪ ಹಚ್ಚಿದೊಡನೆ ಉಲ್ಟಾ ಆಗಿ, ಒಳಗಿನವರಿಗೆ ತಮ್ಮ ಮುಖವೇ ಕಾಣುತ್ತದೆ, ಬೀದಿಯವರಿಗೆ ಇಡೀ ಸಭೆ ಕಾಣುತ್ತದೆ. ನಿಮ್ಮ ಕೂಟಗಳೆಲ್ಲ ಸಂಜೆಯವೇ ಅಲ್ಲವೇ? ಮಂಜುಗಾಜಿನ ಫಿಲ್ಮನ್ನು ನೆಲದಿಂದ 1.8 ಮೀಟರ್ ಎತ್ತರದವರೆಗೆ ಅಂಟಿಸಿ, ಮೇಲೆ ಬೆಳಕಿಗೆ ಬಿಡಿ. ಒಂದು ವಿಷಯ ಮರೆಯಬೇಡಿ: ಕಟ್ಟಡದ ಕಾವಲುಗಾರರ ಪುಸ್ತಕದಲ್ಲಿ ‘ಯಾರನ್ನು ನೋಡಲು, ಏನು ಕೆಲಸ’ ಎಂಬ ಅಂಕಣವಿದ್ದರೆ ಮೇಲಿನದೆಲ್ಲ ವ್ಯರ್ಥ. ಮಹಡಿಯ ನಂಬರ್ ಬರೆದರೆ ಸಾಕು ಎಂದು ಕಟ್ಟಡದ ಮಾಲೀಕರಿಂದ ಮೊದಲೇ ಒಪ್ಪಿಗೆ ಪಡೆಯಿರಿ.

ಪ್ರಶ್ನೆ: ದಾನಿ ಸಂಸ್ಥೆಯೊಂದು ಫಲಾನುಭವಿಗಳ ಹೆಸರು, ಫೋನ್, ಗುರುತಿನ ಚೀಟಿಯ ಪ್ರತಿ ಕೇಳುತ್ತಿದೆ. ಕೊಡದಿದ್ದರೆ ಮುಂದಿನ ಕಂತು ಬರುವುದಿಲ್ಲ.

ಉತ್ತರ: ದಾನಿಗೆ ಬೇಕಾದದ್ದು ಕೆಲಸ ನಡೆದಿದೆ ಎಂಬ ಪುರಾವೆ, ಜನರ ಹೆಸರಲ್ಲ. ಎರಡರ ವ್ಯತ್ಯಾಸವನ್ನು ನೀವು ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಹೇಳಬೇಕಿತ್ತು. ಈಗಲೂ ಕಾಲ ಮಿಂಚಿಲ್ಲ.

ಪ್ರತಿಯೊಬ್ಬರಿಗೂ ಒಂದು ಸಂಕೇತ ಸಂಖ್ಯೆ ಕೊಡಿ. ಹುಟ್ಟಿದ ದಿನ, ಹೆಸರಿನ ಮೊದಲಕ್ಷರ ಸೇರಿಸಿ ಕಟ್ಟಿದ ಸಂಕೇತ ಬೇಡ, ಅದನ್ನು ಯಾರು ಬೇಕಾದರೂ ಬಿಡಿಸುತ್ತಾರೆ; ಸುಮ್ಮನೆ ಅಡ್ಡಾದಿಡ್ಡಿ ಅಂಕಿ ಸಾಕು. ಸಂಕೇತಕ್ಕೂ ಹೆಸರಿಗೂ ನಂಟು ಹೇಳುವ ಪಟ್ಟಿ ಬೇರೆ ಕಡೆ, ಬೇರೆ ಬೀಗದಲ್ಲಿ, ಇಬ್ಬರ ಕೈಯಲ್ಲಿ ಮಾತ್ರ ಇರಲಿ. ದಾನಿಗೆ ಹೋಗುವ ವರದಿಯಲ್ಲಿ ಎಷ್ಟು ಜನ, ಎಷ್ಟು ಭೇಟಿ, ಯಾವ ಸೇವೆ, ಯಾವ ವಯೋಮಾನ ಎಂಬ ಮೊತ್ತಗಳಿದ್ದರೆ ಸಾಕು. ಯಾವ ಗುಂಪಿನಲ್ಲಾದರೂ ಐದಕ್ಕಿಂತ ಕಡಿಮೆ ಜನರಿದ್ದರೆ ಅಂಕಿ ಕೊಡದೆ ‘5ಕ್ಕಿಂತ ಕಡಿಮೆ’ ಎಂದಷ್ಟೇ ಬರೆಯಿರಿ. ‘60 ದಾಟಿದ ಟ್ರಾನ್ಸ್ ಪುರುಷ (ಹುಟ್ಟಿದಾಗ ಹೆಣ್ಣೆಂದು ದಾಖಲಾದ, ತನ್ನನ್ನು ಗಂಡೆಂದು ಗುರುತಿಸಿಕೊಳ್ಳುವವರು): 1’ ಎಂದು ಬರೆದರೆ ಹೆಸರು ಬರೆದಂತೆಯೇ. ಲೆಕ್ಕ ಪರಿಶೋಧಕರು ಮೂಲ ದಾಖಲೆ ನೋಡಲೇಬೇಕೆಂದರೆ ಕೇಂದ್ರಕ್ಕೇ ಬಂದು, ಗೌಪ್ಯತೆಯ ಪತ್ರಕ್ಕೆ ಸಹಿ ಹಾಕಿ, ಆಯ್ದ ಕೆಲವನ್ನು ನೋಡಿಕೊಂಡು ಹೋಗಲಿ. ಪ್ರತಿ ತೆಗೆಯಲು ಬಿಡಬೇಡಿ.

ನಿಮ್ಮ ಕಡೆಯ ಸೋರಿಕೆಯನ್ನೂ ನೋಡಿ. ವಾಟ್ಸಾಪ್ ಗುಂಪಿಗೆ ಸೇರಿಸಿದೊಡನೆ ಒಬ್ಬರ ನಂಬರ್ ಉಳಿದವರಿಗೆಲ್ಲ ಕಾಣುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಈ ತೊಂದರೆ ಇಲ್ಲ, ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ. ತಮಗಿಷ್ಟವಾದ ಬೇರೆ ಹೆಸರಿನಲ್ಲಿ ಸೇವ್ ಮಾಡಿಕೊಳ್ಳಿ ಎಂದು ಹೇಳಿಕೊಡಿ. ಮೊದಲ ಭೇಟಿಯಲ್ಲೇ ಮೂರು ಮಾತು ಕೇಳಿ ಬರೆದುಕೊಳ್ಳಿ: ಈ ನಂಬರಿಗೆ ಕರೆ ಮಾಡಬಹುದೇ, ಮೆಸೇಜ್ ಹಾಕಬಹುದೇ, ಬೇರೆಯವರು ಎತ್ತಿದರೆ ಏನೆಂದು ಹೇಳಬೇಕು? ಕರೆಯುವ ಹೆಸರು ಯಾವುದು ಎಂದೂ ಕೇಳಿ. ದಾಖಲೆಯಲ್ಲಿನ ಹೆಸರು ಆಸ್ಪತ್ರೆಗೋ ನ್ಯಾಯಾಲಯಕ್ಕೋ ಪತ್ರ ಬರೆಯಬೇಕಾದಾಗ ಮಾತ್ರ ಬೇಕು. ಮುಂಬಾಗಿಲಲ್ಲಿ ಎಲ್ಲರೂ ಒಂದರ ಕೆಳಗೊಂದು ಸಹಿ ಹಾಕುವ ಹಾಜರಿ ಪುಸ್ತಕ ಇಟ್ಟಿದ್ದರೆ ಇವತ್ತೇ ತೆಗೆಯಿರಿ. ತಲೆ ಎಣಿಸಿ ಗೀಟು ಹಾಕಿಕೊಂಡರೆ ಆಯಿತು.

ಪ್ರಶ್ನೆ: ನಾಲ್ಕು ಜನ ಸ್ವಯಂಸೇವಕರಿದ್ದೇವೆ. 24 ಗಂಟೆಯ ಸಹಾಯವಾಣಿ ಶುರು ಮಾಡುವ ಆಸೆ.

ಉತ್ತರ: ಬೇಡ. ಲೆಕ್ಕ ಹಾಕಿ ನೋಡಿ: ವಾರಕ್ಕೆ 168 ಗಂಟೆ, ನಾಲ್ಕು ಗಂಟೆಗೊಂದು ಪಾಳಿಯಾದರೆ 42 ಪಾಳಿ. ಒಬ್ಬರು ವಾರಕ್ಕೊಂದು ಪಾಳಿ ಕೂತರೂ 42 ಜನ ಬೇಕು. ಕಷ್ಟದ ಕರೆ ಬಂದಾಗ ಪಕ್ಕದಲ್ಲಿ ಇನ್ನೊಬ್ಬರು ಇರಲೇಬೇಕಾದ್ದರಿಂದ 84. ಜ್ವರ, ಪರೀಕ್ಷೆ, ಮದುವೆ ಲೆಕ್ಕಕ್ಕೆ ಹಿಡಿದಿಲ್ಲ. ನಾಲ್ಕು ಜನ ಹೊತ್ತುಕೊಂಡರೆ ಒಂದೆರಡು ತಿಂಗಳಲ್ಲಿ ಫೋನ್ ರಿಂಗಾಗುತ್ತಲೇ ಇರುತ್ತದೆ, ಎತ್ತುವವರಿರುವುದಿಲ್ಲ. ಕಷ್ಟದಲ್ಲಿ ಕರೆ ಮಾಡಿದವರಿಗೆ ಎತ್ತದ ಫೋನು ಇಲ್ಲದ ಫೋನಿಗಿಂತ ಕೆಟ್ಟದ್ದು.

ವಾರಕ್ಕೆ ಎರಡು ಸಂಜೆ, ಮೂರು ಮೂರು ಗಂಟೆ, ಇಬ್ಬಿಬ್ಬರು. ಸಮಯ ತಪ್ಪಬಾರದು. ಉಳಿದ ಹೊತ್ತಿನಲ್ಲಿ ‘ಇಂಥ ದಿನ ಇಂಥ ಹೊತ್ತಿಗೆ ಸಿಗುತ್ತೇವೆ, ಜೀವಕ್ಕೆ ಅಪಾಯವಿದ್ದರೆ ತುರ್ತು ಸೇವೆಗೆ ಕರೆ ಮಾಡಿ’ ಎಂದು ನಂಬರಿನ ಸಮೇತ ಧ್ವನಿಮುದ್ರಣ ಇರಲಿ. ಸಂಸ್ಥೆಯದೇ ಫೋನ್ ಇಡಿ, ಸ್ವಯಂಸೇವಕರ ಸ್ವಂತ ನಂಬರ್ ಯಾವ ಕಾರಣಕ್ಕೂ ಹೊರಗೆ ಹೋಗಬಾರದು. ಲಂಡನ್ನಿನಲ್ಲಿ 1974ರಲ್ಲಿ ಶುರುವಾದ ‘ಸ್ವಿಚ್‌ಬೋರ್ಡ್’ ಎಂಬ ಸಹಾಯವಾಣಿ ಇವತ್ತಿಗೂ ನಡೆಯುತ್ತಿರುವುದು ಪಾಳಿ ಹಿಡಿದು ಕೂರುವ ಸ್ವಯಂಸೇವಕರಿಂದಲೇ. ಪಾಳಿಪಟ್ಟಿ ಗಟ್ಟಿಯಿದ್ದರೆ ಸಹಾಯವಾಣಿ ಗಟ್ಟಿ.

ತರಬೇತಿಯಲ್ಲಿ ಒಂದು ಅಂಶವನ್ನು ಯಾರೂ ದಾಟಿಸಬಾರದು. ಸಾಯುವ ಮಾತಿನ ಸುಳಿವು ಸಿಕ್ಕರೆ ಸುತ್ತಿಬಳಸದೆ ‘ಸಾಯಬೇಕು ಅನಿಸುತ್ತಿದೆಯಾ?’ ಎಂದು ನೇರವಾಗಿ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬುದು ತಪ್ಪು ಕಲ್ಪನೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ. ಹೌದು ಎಂದರೆ ಮುಂದಿನ ಪ್ರಶ್ನೆಗಳು ಕ್ರಮವಾಗಿ: ಯಾವಾಗ ಎಂದು ತೀರ್ಮಾನಿಸಿದ್ದೀರಾ, ಅದಕ್ಕೆ ಬೇಕಾದ ವಸ್ತು ಹತ್ತಿರದಲ್ಲಿದೆಯೇ, ಈಗ ಜೊತೆಯಲ್ಲಿ ಯಾರಿದ್ದಾರೆ? ವಸ್ತು ಹತ್ತಿರವಿದ್ದರೆ ಮಾತಾಡುತ್ತಲೇ ಬೇರೆ ಕೋಣೆಗೆ ಹೋಗಲು ಹೇಳಿ. ಪಕ್ಕದಲ್ಲಿರುವ ಎರಡನೆಯವರು ತುರ್ತು ಸೇವೆಗೆ ಫೋನ್ ಮಾಡುವುದು ಆ ಹೊತ್ತಿಗೇ. ಅದಕ್ಕೇ ಇಬ್ಬರು ಬೇಕೆಂದದ್ದು.

ಅಶ್ಲೀಲ ಕರೆಗಳೂ ಬರುತ್ತವೆ. ‘ಈ ಮಾತಿಗೆ ಈ ಸಹಾಯವಾಣಿಯಲ್ಲಿ ಜಾಗವಿಲ್ಲ, ಫೋನ್ ಇಡುತ್ತಿದ್ದೇನೆ’ ಎಂದು ಒಂದೇ ವಾಕ್ಯ ಹೇಳಿ ಇಟ್ಟುಬಿಡಿ. ವಾದ ಬೇಡ. ಪಾಳಿ ಮುಗಿದ ಮೇಲೆ ಇಬ್ಬರೂ ಹತ್ತು ಹದಿನೈದು ನಿಮಿಷ ಕೂತು ಮಾತಾಡಿಯೇ ಮನೆಗೆ ಹೋಗಬೇಕು. ಇದನ್ನು ಬಿಟ್ಟ ಕಡೆ ಸ್ವಯಂಸೇವಕರು ಬೇಗ ಬಿಟ್ಟುಹೋಗುತ್ತಾರೆ.

ಪ್ರಶ್ನೆ: ಮನೆಯಿಂದ ಹೊರದೂಡಿದ ಹುಡುಗನೊಬ್ಬ ರಾತ್ರಿ ಬಂದ. ಕೇಂದ್ರದಲ್ಲೇ ಮಲಗಿಸಬಹುದಿತ್ತೇ?

ಉತ್ತರ: ಒಂದು ರಾತ್ರಿ ಎಂದು ಶುರುವಾದದ್ದು ಮೂರು ತಿಂಗಳಾಗುತ್ತದೆ, ಒಬ್ಬನದು ಐವರದಾಗುತ್ತದೆ. ಮಲಗಲು ಮಾಡಿರದ ಕಟ್ಟಡದಲ್ಲಿ ರಾತ್ರಿ ಬೆಂಕಿ ಬಿದ್ದರೆ ಹೊರಗಿನಿಂದ ಬೀಗ ಹಾಕಿದ ಬಾಗಿಲೇ ಸಾವಿಗೆ ದಾರಿ. ಆಶ್ರಯಕ್ಕೆ ಬೇರೆಯೇ ಏರ್ಪಾಡು ಬೇಕು.

ದೊಡ್ಡ ವಸತಿಗೃಹ ಕಟ್ಟಲಾಗದವರಿಗೆ ಸರಿಹೊಂದುವುದು ಆತಿಥೇಯ ಮನೆಗಳ ವ್ಯವಸ್ಥೆ. ನೆಲೆ ತಪ್ಪಿದ ಇಂಥ ಯುವಜನರಿಗಾಗಿ ಮ್ಯಾಂಚೆಸ್ಟರಿನಲ್ಲಿ 1989ರಲ್ಲಿ ಶುರುವಾದ ಆಲ್ಬರ್ಟ್ ಕೆನಡಿ ಟ್ರಸ್ಟ್ ಬೆಳೆದದ್ದು ಇಂಥ ಮನೆಗಳನ್ನು ನಂಬಿಕೊಂಡೇ. ಮನೆ ಕೊಡುತ್ತೇವೆಂದವರ ಬಳಿ ಎರಡು ಸಲ ಹೋಗಿ. ಒಂದು ಭೇಟಿಯಲ್ಲಿ ಮನೆಮಂದಿಯೆಲ್ಲ ಇರಬೇಕು. ಪೊಲೀಸ್ ಪರಿಶೀಲನೆ, ಇಬ್ಬರು ಪರಿಚಯಸ್ಥರ ಮಾತು ಕಡ್ಡಾಯ. ಒಳಗಿನಿಂದ ಚಿಲಕವಿರುವ ಪ್ರತ್ಯೇಕ ಕೋಣೆ ಇರಲಿ. ಎಷ್ಟು ದಿನ, ಊಟ ಯಾರದು, ಎಷ್ಟು ಹೊತ್ತಿಗೆ ಮನೆಗೆ ಬರಬೇಕು, ಯಾರು ಯಾವ ಕೆಲಸ ಮಾಡುತ್ತಾರೆ ಎಂಬುದೆಲ್ಲ ಬರಹದಲ್ಲಿರಲಿ. ಮೊದಲಿಗೆ ಎರಡು ವಾರ, ಆಮೇಲೆ ಕೂತು ಮಾತಾಡಿ ಮುಂದುವರಿಸುವುದು. ಮಾರನೇ ದಿನವೇ ನಿಮ್ಮ ಕಡೆಯವರು ಹುಡುಗನ ಜೊತೆ ಒಬ್ಬನೇ ಇರುವಾಗ ಮಾತಾಡಬೇಕು. ಇದು ಕೆಡುವುದು ಹೆಚ್ಚಾಗಿ ಎರಡು ರೀತಿ: ಅತಿಥಿ ನಿಧಾನಕ್ಕೆ ಸಂಬಳವಿಲ್ಲದ ಮನೆಗೆಲಸದವನಾಗುತ್ತಾನೆ, ಇಲ್ಲವೇ ಆತಿಥೇಯರು ‘ನಾವು ಬದುಕಿಸಿದೆವು’ ಎಂದು ಪ್ರತಿದಿನ ನೆನಪಿಸುತ್ತಾರೆ. ಎರಡನೆಯದು ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ, ಅದಕ್ಕೇ ಕೇಳಬೇಕು.

ವಯಸ್ಸು 18 ತುಂಬಿಲ್ಲವಾದರೆ ಇದಾವುದೂ ನಿಮ್ಮ ತೀರ್ಮಾನವಲ್ಲ. ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ತಿಳಿಸಲೇಬೇಕು, ಜೊತೆಗೆ ನೀವೂ ಹೋಗಬೇಕು. ವಯಸ್ಕರಾದರೆ ಅವರು ಕೇಳದೆ ಮನೆಯವರಿಗೆ ಫೋನ್ ಮಾಡಬೇಡಿ, ರಾಜಿಯ ಉತ್ಸಾಹ ಎಷ್ಟೇ ಇರಲಿ. ಮೊದಲ ವಾರದಲ್ಲಿ ನೋಡಬೇಕಾದ್ದು ಅಂಕಪಟ್ಟಿ, ಗುರುತಿನ ಚೀಟಿ, ಬ್ಯಾಂಕ್ ಪುಸ್ತಕ, ದಿನನಿತ್ಯದ ಔಷಧ. ಬ್ಯಾಂಕ್ ಖಾತೆಗೆ ಅಪ್ಪನ ಫೋನ್ ನಂಬರ್ ಜೋಡಣೆಯಾಗಿದ್ದರೆ ಪ್ರತಿ ಸಲ ಹಣ ತೆಗೆದಾಗಲೂ ಅಲ್ಲಿಗೆ ಮೆಸೇಜ್ ಹೋಗುತ್ತದೆ. ನಂಬರ್ ಬದಲಿಸುವುದು ಮೊದಲ ಕೆಲಸ.

ಪ್ರಶ್ನೆ: ಶೌಚಾಲಯದ ಗಲಾಟೆ. ‘ಎಲ್ಲರಿಗೂ’ ಎಂದು ಬೋರ್ಡ್ ಬದಲಿಸಿದೆವು, ಈಗ ಯಾರಿಗೂ ಸಮಾಧಾನವಿಲ್ಲ.

ಉತ್ತರ: ಬೋರ್ಡ್ ಬದಲಾಯಿತು, ಗೋಡೆ ಬದಲಾಗಲಿಲ್ಲ. ಮೇಲೂ ಕೆಳಗೂ ಸಂದಿರುವ ಮರೆಗಳ ಸಾಲಿನಲ್ಲಿ ಯಾರಿಗೆ ತಾನೇ ನೆಮ್ಮದಿ? ನೆಲದಿಂದ ಛಾವಣಿಯವರೆಗೆ ಗೋಡೆಯಿರುವ, ಕೈತೊಳೆಯುವ ಬೇಸಿನ್ ಒಳಗೇ ಇರುವ ಬಿಡಿ ಕೋಣೆಗಳಾದರೆ ಜಗಳ ಮುಗಿಯುತ್ತದೆ. ಬೋರ್ಡಿನಲ್ಲಿ ಯಾರು ಎಂದು ಬರೆಯದೆ ಒಳಗೇನಿದೆ ಎಂದು ಬರೆಯಿರಿ. ಮುಚ್ಚಳದ ಕಸದಬುಟ್ಟಿ ಪ್ರತಿ ಕೋಣೆಯಲ್ಲೂ ಇರಲಿ, ಮುಟ್ಟಾಗುವ ಟ್ರಾನ್ಸ್ ಪುರುಷರಿಗೂ ಅದು ಬೇಕು. ಒಂದು ಕೋಣೆಯಾದರೂ ಗಾಲಿಕುರ್ಚಿಗೆ ಒಗ್ಗಬೇಕು: ಬಾಗಿಲು 900 ಮಿ.ಮೀ. ಅಗಲ, ಹೊರಕ್ಕೆ ತೆರೆಯುವಂತೆ, ಒಳಗೆ ತಿರುಗಲು 1500 ಮಿ.ಮೀ. ಸುತ್ತಳತೆಯಲ್ಲ, ವ್ಯಾಸ (ಗಾರೆಯವರು ಇದನ್ನು ತಪ್ಪು ತಿಳಿಯುವುದುಂಟು). ಹೊರಗಿನ ಇಳಿಜಾರು 1:12, ಅಂದರೆ 30 ಸೆಂಟಿಮೀಟರ್ ಎತ್ತರಕ್ಕೆ 3.6 ಮೀಟರ್ ಉದ್ದ.

ಪ್ರಶ್ನೆ: ಮಗಳು ತಾನು ಹೆಣ್ಣನ್ನೇ ಪ್ರೀತಿಸುತ್ತೇನೆಂದು ಹೇಳಿದಳು. ನನ್ನಂಥ ತಾಯಂದಿರಿಗೆ ಹೋಗಲು ಜಾಗವಿದೆಯೇ? ಚಿಕಿತ್ಸೆ ಕೊಡಿಸಿ ಎಂದು ನೆಂಟರ ಒತ್ತಾಯ.

ಉತ್ತರ: ತಾಯೀ, ಚಿಕಿತ್ಸೆಯ ಮಾತನ್ನು ಮೊದಲು ಬದಿಗಿಡಿ. ಸಲಿಂಗ ಆಕರ್ಷಣೆಯನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದು 1990ರ ಮೇ 17ರಂದು. ಕಾಯಿಲೆಯೇ ಅಲ್ಲದ್ದಕ್ಕೆ ಔಷಧ ಕೊಡುತ್ತೇನೆನ್ನುವವರ ಬಳಿ ಮಗಳನ್ನು ಕರೆದೊಯ್ಯಬೇಡಿ. ಹೆತ್ತವರ ಕೂಟಗಳು ಇವೆ. ಅಮೆರಿಕದಲ್ಲಿ 1973ರಲ್ಲಿ ಒಬ್ಬ ತಾಯಿ, ಜೀನ್ ಮ್ಯಾನ್‌ಫರ್ಡ್, ಶುರು ಮಾಡಿದ ಸಭೆಯೇ ಮುಂದೆ ಪಿಫ್ಲ್ಯಾಗ್ ಎಂಬ ಹೆತ್ತವರ ಸಂಸ್ಥೆಯಾಯಿತು. ಹತ್ತಿರದ ಕೇಂದ್ರದಲ್ಲಿ ಅಂಥ ಕೂಟ ಇಲ್ಲವಾದರೆ ಇನ್ನೊಬ್ಬ ತಾಯಿಯ ಜೊತೆ ಮಾತಾಡಿಸಿ ಎಂದು ಕೇಳಿ. ಹೋಗುವ ಮುನ್ನ ಮಗಳಿಗೆ ಹೇಳಿ ಹೋಗಿ. ಗುಟ್ಟು ಅವಳದು.

ಕೇಂದ್ರ ನಡೆಸುವವರಿಗೊಂದು ಮಾತು: ಹೆತ್ತವರ ಸಭೆಯನ್ನೂ ಮಕ್ಕಳ ಸಭೆಯನ್ನೂ ಒಂದೇ ದಿನ ಇಡಬೇಡಿ. ಮೆಟ್ಟಿಲಲ್ಲಿ ಮುಖಾಮುಖಿಯಾಗುತ್ತಾರೆ.

ಪ್ರಶ್ನೆ: ಕಾರ್ಯಕ್ರಮಗಳಿಗೆ ದೇಣಿಗೆ ಸಿಗುತ್ತದೆ, ಬಾಡಿಗೆಗೆ, ಕರೆಂಟ್ ಬಿಲ್ಲಿಗೆ ಸಿಗುವುದಿಲ್ಲ. ನಮ್ಮ ಸಮುದಾಯದ ‘ಪ್ರೈಡ್’ ಆಚರಣೆಯ ಜೂನ್ ತಿಂಗಳಲ್ಲಿ ಮಾತ್ರ ಕಂಪನಿಗಳಿಗೆ ನಮ್ಮ ನೆನಪು.

ಉತ್ತರ: ಬಾಡಿಗೆಯನ್ನು ಪ್ರತ್ಯೇಕವಾಗಿ ಕೇಳುವುದರಿಂದಲೇ ಸಿಗುವುದಿಲ್ಲ. ಅದನ್ನು ಕಾರ್ಯಕ್ರಮದ ವೆಚ್ಚದೊಳಗೇ ಹಂಚಿ. ಸಿಬ್ಬಂದಿಯ 100 ಗಂಟೆಗಳಲ್ಲಿ 50 ಸಮಾಲೋಚನೆಗೆ, 30 ಆಶ್ರಯಕ್ಕೆ, 20 ಸಹಾಯವಾಣಿಗೆ ಹೋಗುತ್ತಿದ್ದರೆ ಬಾಡಿಗೆ, ವಿದ್ಯುತ್, ಲೆಕ್ಕಿಗರ ಸಂಬಳವೂ ಅದೇ ಪ್ರಮಾಣದಲ್ಲಿ ಮೂರೂ ಅರ್ಜಿಗಳಲ್ಲಿ ಬರಲಿ. ಒಂದು ಉದ್ದೇಶಕ್ಕೆಂದು ಬಂದ ಹಣವನ್ನು ಇನ್ನೊಂದಕ್ಕೆ ‘ಸದ್ಯಕ್ಕೆ’ ತಿರುಗಿಸಬೇಡಿ; ತಿರುಗಿ ತುಂಬುವ ಹೊತ್ತಿಗೆ ಲೆಕ್ಕ ಪರಿಶೋಧಕರು ಬಂದಿರುತ್ತಾರೆ. ಸಣ್ಣ ಮೊತ್ತದ ತಿಂಗಳ ದೇಣಿಗೆಗಳು ಷರತ್ತಿಲ್ಲದವು, ಅವನ್ನು ಬೆಳೆಸಿ. ಮೂರು ತಿಂಗಳ ಖರ್ಚು ಮೀಸಲಿರಬೇಕು. ಒಬ್ಬರೇ ದಾನಿಯ ಪಾಲು ಮೂರನೇ ಒಂದಕ್ಕಿಂತ ಹೆಚ್ಚಾದರೆ ನಿಮ್ಮ ಬಾಗಿಲಿನ ಬೀಗದ ಕೈ ಅವರ ಜೇಬಿನಲ್ಲಿದೆ ಎಂದೇ ತಿಳಿಯಿರಿ.

ಕಂಪನಿಗಳು ಜೂನ್‌ನಲ್ಲಿ ಬಂದರೆ ಬರಲಿ. ಫಲಾನುಭವಿಗಳ ಫೋಟೊ ಕೇಳಿದರೆ ಖಾಲಿ ಕೋಣೆಯ ಫೋಟೊ ಕೊಡಿ, ಹೊಸ ಬಾಗಿಲಿನದು.

ಪ್ರಶ್ನೆ: ನಮ್ಮಲ್ಲಿಗೆ ಗೇ ಹುಡುಗರು ಮಾತ್ರ ಬರುತ್ತಾರೆ. ಮಹಿಳೆಯರು, ಟ್ರಾನ್ಸ್ ಜನ, ಹಿರಿಯರು ಬರುವುದಿಲ್ಲ.

ಉತ್ತರ: ಬೀಗದ ಕೈ ಯಾರ ಬಳಿ ಇದೆ, ಎಷ್ಟು ಹೊತ್ತಿಗೆ ತೆರೆಯುತ್ತೀರಿ? ರಾತ್ರಿ ಎಂಟರ ಕೂಟಕ್ಕೆ ಮನೆಯಲ್ಲಿ ಉತ್ತರ ಹೇಳಬೇಕಾದ ಹೆಣ್ಣುಮಕ್ಕಳು ಬರಲಾರರು. ಹಗಲು ಹೊತ್ತು ವಾರಕ್ಕೆರಡು ಗಂಟೆ ಅವರಿಗೇ ಬಿಟ್ಟುಕೊಡಿ, ನಡೆಸುವವರೂ ಅವರೇ ಆಗಿರಲಿ, ಖರ್ಚಿನ ಒಂದು ಪಾಲೂ ಅವರ ಕೈಗೇ ಬರಲಿ. ಎಂಟರಿಂದ ಹನ್ನೆರಡು ಜನರ ಕೂಟಕ್ಕೆ ಇಬ್ಬರು ನಿರ್ವಾಹಕರು ಸಾಕು. ಮೊದಲ ಕೆಲವು ವಾರ ಇಬ್ಬರೇ ಬಂದರೂ ಬಾಗಿಲು ತೆರೆದಿರಬೇಕು. ಮೂರನೆಯವರು ಬಂದ ದಿನ ಅದು ಮುಚ್ಚಿದ್ದರೆ ಅವರು ಮತ್ತೆ ಬರುವುದಿಲ್ಲ. ಹಿರಿಯರಿಗಾಗಿ ಕೈಯಾಸರೆಯಿರುವ, ತುಸು ಎತ್ತರದ ನಾಲ್ಕು ಕುರ್ಚಿ ತನ್ನಿ. ತಗ್ಗಿನ ಸೋಫಾದಿಂದ ಏಳಲು ಅವರಿಗಾಗುವುದಿಲ್ಲ.